ಗಂಗಾನಗರದವರೆಗೆ

"ಟಿಕೆಟ್ ಟಿಕೆಟ್, ಹಿಂದೆ ಯಾರ್ರೀ ಟಿಕೆಟ್?" ಎಂದು ಕೂಗಿದ ಜ್ಯೋತಿಲಕ್ಷ್ಮಿಯ ದನಿ ಕೊನೆಗೆ ಬರುತ್ತಾ ಸಣ್ಣಗಾಗಿಹೋಯಿತು. ಹೊಕ್ಕುಳ ಕೆಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ ಒಂದು ತಿರುಚು. ಕಂಬಿ ಹಿಡಿದು, ಉಸಿರು ಬಿಗಿಹಿಡಿದು ನಿಂತಳು. ನೋವು ಹೋಯಿತು. ಹೋದದ್ದು ಸುಳ್ಳು, ಇನ್ನೈದು ನಿಮಿಷಕ್ಕೆ ಮತ್ತೆ ಬರುತ್ತದೆ ಎಂದು ಅವಳಿಗೆ ಗೊತ್ತು. ಬಸ್ಸು ಆಗಲೇ ಕೊಡಿಗೇಹಳ್ಳಿ ಗೇಟು ದಾಟಿತ್ತು. ಅಂದರೆ ಪೆಟ್ರೋಲ್ ಬಂಕು ಹಿಂದಾಯಿತು.

ಯಲಹಂಕದಿಂದ ಶಿವಾಜಿನಗರಕ್ಕೆ ಹೋಗುವ ಈ ದಾರಿಯನ್ನು ಬೇರೆ ಕಂಡಕ್ಟರುಗಳು ಸ್ಟಾಪುಗಳಿಂದ ಗುರುತಿಟ್ಟುಕೊಂಡಿರುತ್ತಾರೆ. ಜ್ಯೋತಿಲಕ್ಷ್ಮಿ ಗುರುತಿಟ್ಟುಕೊಂಡಿದ್ದು ಕಕ್ಕಸುಗಳಿಂದ. ಅಳ್ಳಾಳಸಂದ್ರದಲ್ಲಿ ಒಂದು ನರ್ಸಿಂಗ್ ಹೋಮು; ಒಳಗೆ ಬಿಡುತ್ತಾರೆ, ಆದರೆ ಚಪ್ಪಲಿ ಹೊರಗಿಡಬೇಕು. ಕೊಡಿಗೇಹಳ್ಳಿ ಗೇಟಿನ ಪೆಟ್ರೋಲ್ ಬಂಕಿನಲ್ಲಿ ಬಾಗಿಲಿಗೆ ಚಿಲಕ ಇಲ್ಲ, ಒಂದು ಕೈಯಲ್ಲಿ ಬಾಗಿಲು ಹಿಡಿದುಕೊಂಡೇ ಕೂರಬೇಕು. ಆಮೇಲೆ ಗಂಗಾನಗರದ ಮದುವೆ ಛತ್ರ. ಅಲ್ಲಿನ ವಾಚ್‌ಮನ್ ಮುಕ್ತಾರ್ ಒಳ್ಳೆಯ ಮನುಷ್ಯ, ಅವಳ ಮುಖ ನೋಡಿಯೇ ಗೇಟು ತೆಗೆದುಬಿಡುತ್ತಾನೆ. ಬಂಕಿಗೂ ಛತ್ರಕ್ಕೂ ನಡುವೆ ಹೆಬ್ಬಾಳದ ಫ್ಲೈಓವರ್. ಫ್ಲೈಓವರ್ ಮೇಲೆ ಏನಿದೆ? ಆಕಾಶ ಇದೆ, ದೂರಕ್ಕೆ ಕೆರೆ ಕಾಣುತ್ತದೆ. ಅಷ್ಟೇ.

ಏಳು ವಾರದ ಹಿಂದೆ ಡಾಕ್ಟರು, "ಹಾಲು ನಿಮ್ಗಾಗಲ್ಲಮ್ಮ. ಮೊಸರು, ಮಜ್ಜಿಗೆ, ಬೆಣ್ಣೆ, ಯಾವ್ದೂ ಬೇಡ," ಎಂದಿದ್ದರು. ಅವತ್ತೇ ಬಿಟ್ಟಳು. ಬೆಳಗಿನ ಕಾಫಿ ಬಿಡುವಾಗ ಕಣ್ಣಲ್ಲಿ ನೀರು ಬಂತು, ನಿಜ, ಆದರೂ ಬಿಟ್ಟಳು. ಮೂರು ವಾರ ಹೊಟ್ಟೆ ಹೂವಿನ ಹಾಗಿತ್ತು. ಆಮೇಲೆ ಅದೇ ಉಬ್ಬರ, ಅದೇ ನೋವು, ಅದೇ ಓಟ. "ಎಲ್ಲೋ ಒಳಗೆ ಹೋಗ್ತಿದೆ, ನೋಡ್ಕೊಳ್ಳಿ," ಎಂದರು ಡಾಕ್ಟರು. ಅವಳು ಬಿಸ್ಕತ್ತಿನ ಕವರು ತಿರುಗಿಸಿ ಓದಿದಳು, ಬಿಸ್ಕತ್ತು ಬಿಟ್ಟಳು. ಬ್ರೆಡ್ಡು ಬಿಟ್ಟಳು. ಹೋಟೆಲಿನ ಉಪ್ಪಿಟ್ಟಿಗೆ ತುಪ್ಪ ಹಾಕಿರುತ್ತಾರೆಂದು ಅದನ್ನೂ ಬಿಟ್ಟಳು. ಈಗ ಮನೆಯ ಡಬ್ಬಿ ಒಂದು ಬಿಟ್ಟರೆ ಬೇರೆ ಏನನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ನೋವು ಮಾತ್ರ ದಿನದಿಂದ ದಿನಕ್ಕೆ ಜಾಸ್ತಿಯಾಗುತ್ತಲೇ ಇತ್ತು.

ಈ ತಿಂಗಳಲ್ಲಿ ಎರಡು ಸಲ ಅವಳಿಂದಾಗಿ ಬಸ್ಸು ಗಂಗಾನಗರದಲ್ಲಿ ನಿಂತಿತ್ತು. ಎರಡನೇ ಸಲ ಯಾರೋ ದೂರು ಕೊಟ್ಟರು. "ಇನ್ನೊಂದ್ ಕಂಪ್ಲೇಂಟ್ ಬಂದ್ರೆ ಈ ರೂಟಿಂದ ತೆಗೀತೀನಮ್ಮ, ಆಮೇಲೆ ನನ್ ಹತ್ರ ಅಳ್ಬೇಡ," ಎಂದು ಡಿಪೋ ಸಾಹೇಬರು ಹೇಳಿಯಾಗಿತ್ತು. ರೂಟಿಂದ ತೆಗೆದರೆ ಸಿಗುವುದು ಊರಾಚೆ ಹೋಗಿ ರಾತ್ರಿ ಅಲ್ಲೇ ಉಳಿಯುವ ಡ್ಯೂಟಿ. ಅದಕ್ಕೆ ಅವಳ ಗಂಡ ಗಿರಿ ಒಪ್ಪುವವನಲ್ಲ. "ಸಾಕು ಬಿಟ್ಟಾಕು, ಮಗು ನೋಡ್ಕೊಂಡು ಮನೇಲಿರು," ಎಂದು ಈಗಲೇ ಶುರು ಹಚ್ಚಿಕೊಂಡಿದ್ದ. ಒಂಬತ್ತು ವರ್ಷದ ಕೆಲಸ. ಸೀಟಿ ಊದಿದರೆ ಇಷ್ಟು ದೊಡ್ಡ ಬಸ್ಸು ನಿಲ್ಲುತ್ತದೆ, ಮತ್ತೆ ಊದಿದರೆ ಹೊರಡುತ್ತದೆ. ಮನೆಯಲ್ಲಿ ಅವಳ ಮಾತಿಗೆ ಹಾಗೆ ಯಾವುದು ನಿಲ್ಲುತ್ತದೆ, ಯಾವುದು ಹೊರಡುತ್ತದೆ?

ಫ್ಲೈಓವರ್ ಅರ್ಧ ಹತ್ತುವಷ್ಟರಲ್ಲಿ ಬಸ್ಸು ನಿಂತಿತು. ಮುಂದೆ ಕಾರು, ಕಾರಿನ ಮುಂದೆ ಕಾರು, ಕಣ್ಣಿಗೆ ಕಾಣುವಷ್ಟು ದೂರ ಕೆಂಪು ದೀಪ.

"ನೋಡಮ್ಮ ಜ್ಯೋತಮ್ಮ, ಮದ್ವೆ ದಿಬ್ಬಣ ನಿಂತಂಗ್ ನಿಂತವ್ರೆ," ಎಂದು ಡ್ರೈವರ್ ಶೇಖರಪ್ಪ ಇಂಜಿನ್ ಆಫ್ ಮಾಡಿದರು. ರಿಟೈರಾಗಲು ಎರಡು ವರ್ಷ ಬಾಕಿ ಇದ್ದ ಅವರಿಗೆ ಯಾವ ಜಾಮಿಗೂ ಬಿಪಿ ಏರುತ್ತಿರಲಿಲ್ಲ.

"ಡ್ರೈವರ್ ಸಾರ್, ಹನ್ನೊಂದಕ್ಕೆ ಇಂಟರ್‌ವ್ಯೂ ಇದೆ ಸಾರ್ ನಂಗೆ," ಎಂದ ಹಿಂದಿನ ಸೀಟಿನಲ್ಲಿದ್ದ, ಟೈ ಕಟ್ಟಿದ್ದ ಒಬ್ಬ ಯುವಕ.

"ನಿನ್ ಇಂಟರ್‌ವ್ಯೂ ತಗೊಳೋನೂ ಇಲ್ಲೇ ಎಲ್ಲೋ ಸಿಕ್ಕಾಕೊಂಡಿರ್ತಾನೆ, ಸುಮ್ನಿರಪ್ಪ."

ಬಸ್ಸೆಲ್ಲ ನಕ್ಕಿತು. ಜ್ಯೋತಿಲಕ್ಷ್ಮಿ ನಗಲಿಲ್ಲ. ಎರಡನೇ ತಿರುಚು ಬಂದಿತ್ತು.

ಮುಂದಿನ ಹೆಂಗಸರ ಸೀಟಿನಲ್ಲಿ ಅವಳ ಅತ್ತೆ ಮುನಿಕೃಷ್ಣಮ್ಮ ಕೂತಿದ್ದರು. ಆರ್.ಟಿ. ನಗರದಲ್ಲಿರುವ ಮಗಳು ವೇದಾಳನ್ನು ನೋಡಲು ಹೋಗುವಾಗಲೆಲ್ಲ ಸೊಸೆಯ ಬಸ್ಸಿಗೇ ಕಾದು ಹತ್ತುವುದು ಅವರ ಪದ್ಧತಿ. ಯಲಹಂಕದ ಹಳೇ ಊರಿನ ಗಟ್ಟಿ ಜೀವ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ರೊಟ್ಟಿ ತಟ್ಟಿ, ಡಬ್ಬಿ ಕಟ್ಟಿ, ಮೊಮ್ಮಗಳು ಧನುಶ್ರೀಗೆ ಜಡೆ ಹಾಕಿ ಸ್ಕೂಲಿಗೆ ಬಿಡುವವರು ಅವರೇ. ಅವರಿಲ್ಲದಿದ್ದರೆ ಜ್ಯೋತಿಲಕ್ಷ್ಮಿಗೆ ಒಂದು ದಿನವೂ ಡ್ಯೂಟಿಗೆ ಬರಲಾಗುತ್ತಿರಲಿಲ್ಲ. ಅವರು ಈಗ ಪಕ್ಕದಲ್ಲಿದ್ದ ಹೂವಿನ ಚೀಲದ ಹೆಂಗಸಿನ ಜೊತೆ ಮಾತಿಗೆ ಕೂತಿದ್ದರು.

"ನನ್ ಸೊಸೆ ಕಣಮ್ಮ ಅವ್ಳು, ಕಂಡಕ್ಟ್ರು."

"ಔದಾ? ಒಳ್ಳೆ ಕೆಲ್ಸ ಬಿಡಿ. ಯಾಕೋ ಮುಖ ಬಾಡೋಗೈತಲ್ಲ?"

"ಒಟ್ಟೆ ಸರಿಯಿಲ್ಲ. ಅದ್ಯಾವ್ದೋ ಡಾಕ್ಟ್ರು ಆಲು ಮೊಸ್ರು ಬುಡು ಅಂದವ್ನೆ, ಇವ್ಳು ಬುಟ್ಟವ್ಳೆ. ಒಣಕ್ಕೊಂಡೋಗ್ಬುಟ್ಲು. ಅದ್ಕೇ ನಾನೊಂದ್ ಕೆಲ್ಸ ಮಾಡ್ದೆ." ಇಲ್ಲಿ ಮುನಿಕೃಷ್ಣಮ್ಮ ದನಿ ತಗ್ಗಿಸಿದರು. ಅವರು ತಗ್ಗಿಸಿದ ದನಿ ನಾಲ್ಕು ಸೀಟಿನವರೆಗೆ ಕೇಳಿಸುತ್ತದೆ. "ಮೆಂತ್ಯ ನೆನೆ ಆಕಿ, ಮಜ್ಗೇಲಿ ನುಣ್ಣಗ್ ರುಬ್ಬಿ, ರೊಟ್ಟಿ ಇಟ್ಗೆ ಸೇರ್ಸಿ ಕಲ್ಸ್‌ಬುಡ್ತೀನಿ. ಅವ್ಳ್‌ಗೆ ಗೊತ್ತೇ ಆಗಲ್ಲ."

"ಒಳ್ಳೇದು ಮಾಡಿದ್ರಿ. ಮಜ್ಗೆ ತಂಪು."

"ತಂಪು ತಾನೇ? ಅದೇನ್ ಆಲಾ?"

ಜ್ಯೋತಿಲಕ್ಷ್ಮಿ ಅವರ ಹಿಂದಿನ ಕಂಬಿಯನ್ನೇ ಹಿಡಿದು ನಿಂತಿದ್ದಳು. ರೊಟ್ಟಿ ಈಚೆಗೆ ಎಷ್ಟು ಮೆತ್ತಗೆ ಬರುತ್ತಿದೆ ಎಂದು ಹೋದ ವಾರವಷ್ಟೇ ಅತ್ತೆಯನ್ನು ಹೊಗಳಿದ್ದಳು. ಮುನಿಕೃಷ್ಣಮ್ಮ ಆಗ ಮುಖ ಆ ಕಡೆ ತಿರುಗಿಸಿಕೊಂಡು ನಕ್ಕಿದ್ದರು.

"ಅತ್ತೆ, ಎಷ್ಟ್ ದಿನದಿಂದ?"

ಮುನಿಕೃಷ್ಣಮ್ಮ ಬೆಚ್ಚಿ ತಿರುಗಿದರು. ಮುಚ್ಚಿಡುವ ಸ್ವಭಾವ ಅವರದಲ್ಲ, ಮುಚ್ಚಿಟ್ಟದ್ದೇ ಈ ಒಂದು. "ಒಂದ್ ತಿಂಗ್ಳಾಯ್ತು. ನೀನು ಮೂಳೆ ಬುಟ್ಕೊಂಡಿದ್ದೆ ಕಣಮ್ಮ, ನೋಡಕ್ಕಾಯ್ತಿರ್ಲಿಲ್ಲ. ಮೊದ್ಲು ಒಂದೇ ಒಂದ್ ಸೌಟು ಆಕ್ತಿದ್ದೆ. ನಿಂಗ್ ನೋವು ಜಾಸ್ತಿ ಆಯ್ತಾ ಬಂತಲ್ಲ, ನಾನೂ ಜಾಸ್ತಿ ಮಾಡ್ತಾ ಬಂದೆ."

"ಅದ್ರಿಂದ್ಲೇ ನೋವು ಅತ್ತೆ."

"ಅದ್ರಿಂದ್ಲಾ? ಮಜ್ಗೆಯಿಂದ್ಲಾ?" ಮುನಿಕೃಷ್ಣಮ್ಮ ಅಕ್ಕಪಕ್ಕ ನೋಡಿದರು. ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. "ನಾನ್ ನಿಂಗೆ ಇಸ ಆಕ್ದೆ ಅಂತೀಯಾ? ಇಷ್ಟ್ ಜನದೆದ್ರಿಗೆ?"

ಹೇಳಬೇಕಾದದ್ದು ಬಹಳ ಇತ್ತು. ಬಿಸ್ಕತ್ತಿನ ಕವರು ಓದಿ ಓದಿ ಕಣ್ಣು ನೋವು ಬಂದದ್ದು, ಗಿರಿ ದಿನಾ ಆಡುವ ಮಾತು. ಒಂದೂ ಬಾಯಿಗೆ ಬರಲಿಲ್ಲ. ಬಂದದ್ದು ಮೂರನೇ ತಿರುಚು. ಹಣೆಯ ಮೇಲೆ ತಣ್ಣಗೆ ಬೆವರೊಡೆಯಿತು. ಅವಳು ಬಾಗಿಲ ಮೆಟ್ಟಿಲ ಮೇಲೆ ಕುಕ್ಕರಿಸಿ, ಟಿಕೆಟ್ ಮಿಷನ್ನನ್ನು ಹೊಟ್ಟೆಗೆ ಒತ್ತಿ ಹಿಡಿದಳು. ಬಾಗಿಲ ಗಾಜಿನಾಚೆ, ಕೈಗೆಟುಕುವಷ್ಟು ಹತ್ತಿರದಲ್ಲಿ, ಫ್ಲೈಓವರಿನ ತಡೆಗೋಡೆ. ಇಳಿದರೂ ಹೋಗಲು ಜಾಗವಿಲ್ಲ.

ಶೇಖರಪ್ಪ ಕನ್ನಡಿಯಲ್ಲಿ ನೋಡಿದರು. ಇಷ್ಟು ದಿನ ಬಸ್ಸು ಯಾಕೆ ನಿಲ್ಲಿಸಬೇಕೆಂದು ಅವರು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

"ಗಂಗಾನಗರದವರ್ಗೂ ತಡ್ಕೋತೀಯಾ ತಾಯಿ?"

ಅವಳು ತಲೆ ಆಡಿಸಿದಳು. ಹೂಂ ಎಂದೋ ಊಹೂಂ ಎಂದೋ ಅವಳಿಗೇ ಗೊತ್ತಾಗಲಿಲ್ಲ.

ಯಾವ ಜಾಮಿಗೂ ಕದಲದ ಶೇಖರಪ್ಪ ಅವತ್ತು ಹಾರನ್ ಮೇಲಿಂದ ಕೈ ತೆಗೆಯಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏಯ್ ಕಾರು, ಸೈಡಿಗ್ ತಗೊಳಯ್ಯಾ, ನಿನ್ನಪ್ಪನ್ ರೋಡಾ!" ಎಂದು ಗದರಿದರು. ಬಸ್ಸು ಒಂದು ಮಾರು ಹೋಗುವುದು, ನಿಲ್ಲುವುದು. ಪ್ರತಿ ಬ್ರೇಕಿಗೂ ಅವಳ ಹೊಟ್ಟೆಯೊಳಗೆ ಏನೋ ತುಳುಕಿ, ಅವಳು ತುಟಿ ಕಚ್ಚಿ, ಕಣ್ಣು ಮುಚ್ಚಿ ತಡೆಯುತ್ತಿದ್ದಳು. ಹಿಂದೆ ಯಾರೋ "ಟಿಕೆಟ್ ಕೊಡ್ರೀ ಮೇಡಂ" ಎಂದರು. ಯಾರೋ "ಕಂಡಕ್ಟ್ರಿಗೇನೋ ಆಗಿದೆ ಗುರು" ಎಂದರು.

ಇಪ್ಪತ್ತೈದು ನಿಮಿಷಕ್ಕೆ ಗಂಗಾನಗರ ಬಂತು. ಬಸ್ಸು ನಿಲ್ಲುವ ಮೊದಲೇ ಅವಳು ಮಿಷನ್ನನ್ನು ಮುನಿಕೃಷ್ಣಮ್ಮನ ಮಡಿಲಿಗೆ ಹಾಕಿ ಇಳಿದಳು. ಓಡಲು ಹೆದರಿಕೆ, ನಡೆಯಲು ಹೊತ್ತಿಲ್ಲ. ಮುಕ್ತಾರ್ ಗೇಟು ತೆಗೆದು, ಅವಳನ್ನು ನೋಡದವನ ಹಾಗೆ ಆಕಾಶ ನೋಡುತ್ತಾ ನಿಂತ.

ಅವಳು ಮುಖ ತೊಳೆದು ಹೊರಗೆ ಬಂದಾಗ ಬಸ್ಸಿನ ಬಾಗಿಲಲ್ಲಿ ಜಗಳ ನಡೆದಿತ್ತು. ಟೈ ಕಟ್ಟಿದ ಯುವಕ ಕೆಳಗಿಳಿದು ಫೋನು ಎತ್ತಿ ಹಿಡಿದಿದ್ದ. ಮುನಿಕೃಷ್ಣಮ್ಮ ಮಿಷನ್ನನ್ನು ಮಗುವಿನ ಹಾಗೆ ಎದೆಗವಚಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದರು.

"ಏನ್ಲಾ ಅದು ಫೋನ್ ಎತ್ತದು? ನಿಮ್ಮವ್ವಂಗೆ ಒಟ್ಟೆ ಇಲ್ವೇನ್ಲಾ?"

"ಅಜ್ಜಿ, ನಂಗೆ ಇವತ್ ಬಿಟ್ರೆ ಇನ್ನೊಂದ್ ಇಂಟರ್‌ವ್ಯೂ ಇಲ್ಲ. ಬಸ್ಸು ಹತ್ ನಿಮಿಷದಿಂದ ನಿಂತಿದೆ. ಯಾರಾದ್ರೂ ಕೇಳ್ಬೇಕಲ್ವಾ?"

"ಕೇಳು. ನನ್ನ ಕೇಳು. ಅವ್ಳ್ ಅನ್ನಕ್ಕೆ ಬೇಡದ್ ಕಲ್ಸಿದ್ದು ನಾನು. ಬರ್ಕೊ, ಮುನಿಕೃಷ್ಣಮ್ಮ, ಯಲಂಕ. ಕಂಡಕ್ಟ್ರ್ ಎಸ್ರು ಯಾಕ್ ಬರೀತೀಯಾ? ನನ್ ಎಸ್ರು ಬರಿ!"

ಯುವಕನಿಗೆ ಅರ್ಥವಾಗಲಿಲ್ಲ. ಆದರೆ ಬೈಯುತ್ತಿದ್ದ ಮುದುಕಿ ತನ್ನ ಹೆಸರನ್ನೇ ಬರೆಯೆಂದು ಹಟ ಹಿಡಿದದ್ದನ್ನು ನೋಡಿ ಫೋನು ಇಳಿಸಿದ. "ಆಗ್ಲೇ ಕಳ್ಸ್‌ಬಿಟ್ಟೆ ಅಜ್ಜಿ," ಎಂದ ಮೆಲ್ಲಗೆ. "ಕಂಪ್ಲೇಂಟ್ ನಂಬರ್ರಿಗೆ ಹೋಗಾಯ್ತು."

"ವಾಪಸ್ ತಗೊ."

"ಬರಲ್ಲ ಅಜ್ಜಿ."

ಜ್ಯೋತಿಲಕ್ಷ್ಮಿ ಬಸ್ಸು ಹತ್ತಿ, ಅತ್ತೆಯ ಕೈಯಿಂದ ಮಿಷನ್ ತೆಗೆದುಕೊಂಡು ಸೀಟಿ ಊದಿದಳು. ಬಸ್ಸು ಹೊರಟಿತು. ಟಿಕೆಟ್ ಬಾಕಿ ಇದ್ದವರಿಗೆಲ್ಲ ಟಿಕೆಟ್ ಕೊಟ್ಟಳು. ಟೈ ಕಟ್ಟಿದ ಯುವಕ ಚಿಲ್ಲರೆಯನ್ನು ಮೊದಲೇ ತೆಗೆದಿಟ್ಟುಕೊಂಡು, ಅವಳ ಮುಖ ನೋಡದೆ ಕೊಟ್ಟ. ಆರ್.ಟಿ. ನಗರ ಬಂತು, ಹೂವಿನ ಚೀಲದ ಹೆಂಗಸು ಇಳಿದಳು. ಮುನಿಕೃಷ್ಣಮ್ಮ ಏಳಲಿಲ್ಲ.

"ಅತ್ತೆ, ನಿಮ್ ಸ್ಟಾಪು."

"ಓಗ್ಲಿ ಬುಡು."

ಎರಡು ಸ್ಟಾಪು ಕಳೆದವು. ಜನ ಕಡಿಮೆಯಾಗಿದ್ದರು. ಅವಳು ಹತ್ತಿರ ಹಾದುಹೋಗುವಾಗ ಮುನಿಕೃಷ್ಣಮ್ಮ ಕಿಟಕಿಯ ಕಡೆ ನೋಡುತ್ತಲೇ ಕೇಳಿದರು.

"ಬೆಣ್ಣೆನೂ ಆಗಲ್ವಾ?"

"ಇಲ್ಲ ಅತ್ತೆ."

"ತುಪ್ಪ? ಒಂದ್ ಚೂರು, ಬಿಸಿ ಅನ್ನಕ್ಕೆ?"

"ಬೇಡ ಅತ್ತೆ."

ಮುನಿಕೃಷ್ಣಮ್ಮ ಈಗ ಅವಳ ಕಡೆ ತಿರುಗಿದರು. "ಅಂಗಾರೆ ನಿನ್ನ ಏನಾಕಿ ಸಾಕ್ಲಮ್ಮ ನಾನು?"

ಅವಳ ಫೋನು ಹೊಡೆದುಕೊಂಡಿತು. ಡಿಪೋ. ಹೊಡೆದುಕೊಳ್ಳಲಿ ಎಂದು ಬಿಡುವ ಹಾಗಿರಲಿಲ್ಲ.

"ಹೇಳಿ ಸಾರ್," ಎಂದಳು. "ಹೂಂ ಸಾರ್. ಗಂಗಾನಗರದಲ್ಲಿ. ಇಲ್ಲ ಸಾರ್, ಗಾಡಿ ಕೆಟ್ಟಿರ್ಲಿಲ್ಲ. ನಂಗೇ ಹುಷಾರಿರ್ಲಿಲ್ಲ."

ಆ ಕಡೆಯ ದನಿ ಬಸ್ಸಿನ ಸದ್ದಿನಲ್ಲೂ ಹೊರಗೆ ಕೇಳಿಸಿತು: "ನಾಳೆ ಬಸ್ ಹತ್ಬೇಡಮ್ಮ, ನೇರ ಆಫೀಸಿಗೆ ಬಾ."

ಶೇಖರಪ್ಪ ಕನ್ನಡಿಯಿಂದ ಕಣ್ಣು ತೆಗೆದು ರಸ್ತೆ ನೋಡಿದರು. ಬಸ್ಸು ಜಯಮಹಲ್ ರಸ್ತೆಗೆ ಹೊರಳಿಕೊಂಡಿತು. ಜ್ಯೋತಿಲಕ್ಷ್ಮಿ ಫೋನನ್ನು ಕಿವಿಗಿಟ್ಟುಕೊಂಡೇ, ಇನ್ನೊಂದು ಕೈಯಲ್ಲಿ ಮೇಲಿನ ಕಂಬಿ ಹಿಡಿದು ನಿಂತಿದ್ದಳು. ಸೀಟಿನಲ್ಲಿ ಕೂತಿದ್ದ ಮುನಿಕೃಷ್ಣಮ್ಮ, ತಿರುವಿನಲ್ಲಿ ಬೀಳದಿರಲು ಹಿಡಿಯುವವರ ಹಾಗೆ, ಅವಳ ಖಾಕಿ ಕೋಟಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು. ತಿರುವು ಮುಗಿದು ರಸ್ತೆ ನೆಟ್ಟಗಾದ ಮೇಲೂ ಬಿಡಲಿಲ್ಲ.