ಎಂಬತ್ತೈದೋ ಮೂವತ್ತೈದೋ

೧
ಈ ಕಥೆಯನ್ನು ಕ್ಯಾಮೆರಾದಿಂದ ಶುರು ಮಾಡಲೋ, ಹೊಲಿಗೆ ಮಿಷಿನ್ನಿನಿಂದಲೋ? ಕ್ಯಾಮೆರಾದಿಂದಲೇ ಎಂದು ಒಂದು ಪುಟ ಬರೆದೆ. ಅಂಗಡಿಯ ಕ್ಯಾಟಲಾಗ್ ಥರ ಆಯಿತು, ಹರಿದು ಹಾಕಿದೆ. (ಲ್ಯಾಪ್‌ಟಾಪಿನಲ್ಲಿ ಹರಿಯುವುದೇನು ಬಂತು! ಡಿಲೀಟ್ ಮಾಡಿದೆ. ಹರಿದೆ ಎಂದರೆ ಸಾಹಿತಿಯ ಕಳೆ ಬರುತ್ತದೆ ಅಂತ.)

೨
ಹುಲಿಕುಂಟೆಯ ರಾಧಾಮಣಿ ಲೇಡೀಸ್ ಟೈಲರ್. ಬಸ್ ರಸ್ತೆಗೆ ಮುಖ ಮಾಡಿದ ಒಂದೇ ಬಾಗಿಲಿನ ಅಂಗಡಿ, ಅವಳೇ ಕಷ್ಟಪಟ್ಟು ಕಟ್ಟಿಕೊಂಡದ್ದು. ಪಾವಗಡದ ಗಂಡಿನವರು ಅವಳ ಫೋಟೋ ಕೇಳಿದ್ದಾರೆ. ಜೊತೆಗೊಂದು ಮಾತೂ ಸೇರಿಸಿದ್ದಾರೆ: ಮದುವೆಯಾದ ಮೇಲೆ ಅಂಗಡಿ ಗಿಂಗಡಿ ಬೇಡ.

ಫೋಟೋ ತೆಗೆಯಲು ಶಿರಾದ ಸ್ಟುಡಿಯೋದಿಂದ ಭೀಮರಾಜು ಬಂದಿದ್ದಾನೆ. ಬ್ಯಾಗಿನಲ್ಲಿರುವುದು ಎರಡೇ ಪ್ರೈಮ್ ಲೆನ್ಸು, ಹಿಗ್ಗದ ಕುಗ್ಗದ ಜಾತಿಯವು: ಒಂದು ಎಂಬತ್ತೈದು ಎಂಎಂ, ಇನ್ನೊಂದು ಮೂವತ್ತೈದು. (ಜೂಮ್ ಲೆನ್ಸನ್ನು ನಾನೇ ರಿಪೇರಿಗೆ ಕಳಿಸಿದ್ದೇನೆ, ಇಲ್ಲದಿದ್ದರೆ ಕಥೆಯೇ ಇರುತ್ತಿರಲಿಲ್ಲ.) ಎಂಬತ್ತೈದು ಹಾಕಿದರೆ ಮುಖ ಚೆಂದ, ಹಿಂದಿನದೆಲ್ಲ ಮಸುಕು. ಮೂವತ್ತೈದು ಹಾಕಿದರೆ ಮಿಷಿನ್ನು, ಬೋರ್ಡು, ನೇತುಹಾಕಿದ ಬ್ಲೌಸುಗಳು ಎಲ್ಲವೂ ಕಾಣುತ್ತವೆ, ಮೂಗು ಮಾತ್ರ ತುಸು ದಪ್ಪ.

"ಮಸುಕು ಮಾಡೋದನ್ನೇ ಹಾಕಪ್ಪ," ಅಂದಳು ರಾಧಾಮಣಿಯ ಚಿಕ್ಕಮ್ಮ ಪಟಾಲಮ್ಮ. "ಅಂಗಡಿ ಕಾಣ್ಬಾರ್ದು. ಮುಖ ನೋಡಿ ಒಪ್ಕಳ್ಲಿ."

"ಅಂಗಡಿ ಕಾಣ್ಲೇಬೇಕು ಚಿಕ್ಕಮ್ಮ. ಮೂಗು ಹೆಂಗಾರ ಬರ್ಲಿ ಬುಡು," ಅಂದಳು ರಾಧಾಮಣಿ.

೩
(ಕ್ಯಾಮೆರಾ ಬಲ್ಲ ಓದುಗರು ಈಗ ಕೈ ಎತ್ತಿರುತ್ತಾರೆ: ಎಂಬತ್ತೈದರಲ್ಲೇ ಅಪರ್ಚರ್ ಅನ್ನುವ ಬೆಳಕಿನ ಕಿಂಡಿ ಕಿರಿದು ಮಾಡಿದರೆ ಹಿಂದಿನದೂ ಕಾಣುತ್ತದಲ್ಲ? ಕಾಣುತ್ತದೆ ಸ್ವಾಮಿ. ಆದರೆ ಅಂಗಡಿ ಪೂರ್ತಿ ಹಿಡಿಸಲು ಭೀಮರಾಜು ರಸ್ತೆಯಾಚೆ ನಿಲ್ಲಬೇಕು, ಮಧ್ಯೆ ಕಡ್ಲೆಕಾಯಿ ಲಾರಿ ಬರುತ್ತದೆ. ನನ್ನ ಕಥೆ, ನನ್ನ ಲಾರಿ.)

೪
ಬ್ಯಾಗಿಗೆ ಒಂದು ಐವತ್ತರ ಲೆನ್ಸು ತುರುಕಿ ರಾಜಿ ಮಾಡಿಸಲು ನೋಡಿದೆ. ಭೀಮರಾಜು ನನ್ನ ಮೇಲೇ ರೇಗಿದ.

"ಇಲ್ದಿರೋ ಲೆನ್ಸ್ ಎಲ್ಲಿಂದ ಬಂತು ಸಾರ್? ಅದ್ರಲ್ಲಿ ಅರ್ಧ ಬೋರ್ಡ್ ಬತ್ತೈತೆ. ಟೈಲರ್ ಹೋಗಿ ಬರೀ ಲೇಡೀಸ್ ಉಳೀತೈತೆ."

೬
(ಐದನ್ನು ಅಳಿಸಿದೆ. ಅದರಲ್ಲಿ ಸೂರ್ಯಾಸ್ತವಿತ್ತು.)

ಮುಕ್ತಾಯಕ್ಕೆ ಬರೋಣ. ಎಂಬತ್ತೈದಾದರೆ ಗಂಡಿನವರು ಒಪ್ಪುತ್ತಾರೆ, ಮದುವೆಯಾಗುತ್ತದೆ, ಅಂಗಡಿ ಮುಚ್ಚುತ್ತದೆ. ಮೂವತ್ತೈದಾದರೆ ಪಾವಗಡದಿಂದ ಫೋನೇ ಬರುವುದಿಲ್ಲ, ಪಟಾಲಮ್ಮ ಮಾತು ಬಿಡುತ್ತಾಳೆ. ಯಾವುದಮ್ಮ ಬೇಕು ನಿನಗೆ ಎಂದು ರಾಧಾಮಣಿಯನ್ನೇ ಕೇಳಿದೆ.

"ಎರಡ್ರಲ್ಲೂ ಅವ್ರು ನೋಡ್ತಾರೆ, ನಾನು ಸ್ಟೂಲ್ ಮೇಲೆ ಕುಂತಿರ್ತೀನಿ. ಇದೇನ್ ಕಥೆ ಸಾರ್?"

ನನಗೆ ನಿಜಕ್ಕೂ ನಾಚಿಕೆಯಾಯಿತು. ಅಷ್ಟರಲ್ಲಿ ಅವಳು ಚಿಕ್ಕಮ್ಮನ ಕಡೆ ಕೈ ಚಾಚಿದ್ದಳು. "ಆ ಗಂಡಿನ ಫೋಟೋ ತೋರ್ಸು, ನಾನೂ ನೋಡ್ತೀನಿ."

(ಗಂಡಿಗೂ ಒಂದು ಫೋಟೋ ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ.)

ಪಟಾಲಮ್ಮ ಮೊಬೈಲ್ ತೆಗೆದಳು. ಬಾಚಿದ ತಲೆ, ಬಿಳಿ ಅಂಗಿ, ನಗು. ಹಿಂದೆ ಎಲ್ಲ ಮಸುಕು. ಮನೆಯೋ, ಹೊಲವೋ, ಬಸ್‌ಸ್ಟ್ಯಾಂಡೋ ಒಂದೂ ತಿಳಿಯದು.

"ಇವ್ನ ಹಿಂದೆ ಏನೈತೆ?" ಅಂದಳು ರಾಧಾಮಣಿ.

ಪಟಾಲಮ್ಮ ಭೀಮರಾಜುವನ್ನು ನೋಡಿದಳು. "ಇದೂ ಎಂಬತ್ತೈದೇ ಕಣಕ್ಕ, ಏನೂ ಗೊತ್ತಾಗಲ್ಲ," ಎಂದು ಅವನು ನನ್ನನ್ನು ನೋಡಿದ. ಗಂಡಿನ ಹಿಂದೆ ಏನಿದೆಯೆಂದು ನಾನು ಬರೆದೇ ಇರಲಿಲ್ಲ.

ರಾಧಾಮಣಿ ಸ್ಟೂಲು ಎಳೆದುಕೊಂಡು ಮಿಷಿನ್ನಿಗೆ ಬಟ್ಟೆ ಕೊಟ್ಟಳು. "ಹೋಗಿ ನೋಡ್ಕಂಡು ಬನ್ನಿ ಸಾರ್. ಅಲ್ಲೀಗಂಟ ನನ್ ಫೋಟೋ ಇಲ್ಲ."

ಓದುಗರೇ, ನೀವು ಮನೆಗೆ ಹೋಗಿ. ನಾನು ಪಾವಗಡದ ಬಸ್ಸಿಗೆ ಕಾಯುತ್ತಿದ್ದೇನೆ.