ಒಂದು ಬೊಟ್ಟು ಎಣ್ಣೆ

ನನ್ನ ಸೋದರಮಾವನನ್ನು ಊರಲ್ಲಿ ಎಲ್ಲರೂ ಮೂಗು ಮೇಸ್ತ್ರಿ ಅಂತಲೇ ಕರೆಯುವುದು. ಎಂಜಿನ್ನಿನಿಂದ ಅಳತೆಕಡ್ಡಿ ಹೊರಗೆಳೆದು ಒಮ್ಮೆ ಮೂಸಿದರೆ ಸಾಕು, ಎಣ್ಣೆ ಸುಟ್ಟಿದೆಯೋ, ಪೆಟ್ರೋಲ್ ಬೆರೆತಿದೆಯೋ ಹೇಳಿಬಿಡುತ್ತಿದ್ದರು. ಕಂಪ್ಯೂಟರ್ ಹಚ್ಚಿ ನೋಡುವ ದೊಡ್ಡ ಗ್ಯಾರೇಜು ಎರಡು ಬೀದಿ ಆಚೆಗಿದ್ದರೂ ಜನ ಮಾವನ ಗ್ಯಾರೇಜಿಗೆ ಬರುವುದು ಆ ಮೂಗಿಗಾಗಿ.

ಹೋದ ಚಳಿಗಾಲದ ಜ್ವರದಲ್ಲಿ ಆ ಮೂಗು ಹೋಯಿತು. ಮುಖದ ಮೇಲೆ ಇದೆ, ಕೆಲಸ ಮಾಡುವುದಿಲ್ಲ ಅಷ್ಟೆ. ಮಾವ ಇದನ್ನು ಯಾರಿಗೂ ಹೇಳಲಿಲ್ಲ, ಅತ್ತೆಗೂ ಕೂಡ. ನನಗೆ ಗೊತ್ತಾದದ್ದು ಒಂದು ಬೆಳಿಗ್ಗೆ. ಹಾಲು ತಳ ಹಿಡಿದು ಮನೆಯೆಲ್ಲ ಕಮಟು ವಾಸನೆ. ಮಾವ ಅಡುಗೆಮನೆಯ ಬಾಗಿಲಲ್ಲೇ ಕೂತು ಪೇಪರಿನ ಪದಬಂಧ ತುಂಬುತ್ತಿದ್ದರು.

"ಎದುರಿಗೇ ಕೂತಿದ್ದೀರಲ್ಲ, ಮೂಗು ಇರೋದು ಕನ್ನಡಕ ಕೂರಿಸೋಕಾ?" ಅಂದರು ಅತ್ತೆ.

"ಯೋಚನೇಲಿದ್ದೆ ಕಣೇ," ಅಂದರು ಮಾವ. ಹೊಗೆ ನೋಡಿದ ಮೇಲೆ ಅವರ ಮುಖದ ಬಣ್ಣ ಬದಲಾದದ್ದನ್ನು ನಾನು ನೋಡಿದೆ.

ಅಂದಿನಿಂದ ಗ್ಯಾರೇಜಿನಲ್ಲಿ ಮೂಗಿನ ಪಾಲಿನ ಕೆಲಸವನ್ನು ನಾನೇ ಸದ್ದಿಲ್ಲದೆ ಮಾಡುತ್ತ ಬಂದೆ. ಎಲ್ಲಾದರೂ ಪೈಪು ಸೋರಿ ಪೆಟ್ರೋಲ್ ವಾಸನೆ ಬಂದರೆ ಅದರ ಕೆಳಗೆ ಬಿಳಿ ಬಟ್ಟೆ ಹಾಸಿಡುತ್ತಿದ್ದೆ. ಬಟ್ಟೆ ಒದ್ದೆಯಾದದ್ದನ್ನು ಕಂಡು, ಮೂಗಿನಿಂದಲೇ ಪತ್ತೆ ಹಚ್ಚಿದವರಂತೆ ಮಾವ ಸೋರಿಕೆ ಹೇಳುತ್ತಿದ್ದರು. ಬಟ್ಟೆ ಯಾರು ಹಾಸಿದರು ಅಂತ ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಇಲ್ಲಿ ಸೇರಿ ಆರು ವರ್ಷ ಆಯಿತು. ಗಿರಾಕಿಗಳ ಜೊತೆ ಮಾತು ಮಾವನದು. ನನ್ನ ಕೆಲಸ ಬೊಟ್ಟು. ಬಂದ ಪ್ರತಿ ಕಾರಿನ ಅಳತೆಕಡ್ಡಿಯಿಂದ ಒಂದು ಬೊಟ್ಟು ಎಣ್ಣೆಯನ್ನು ಹೀರುಕಾಗದದ ಚೂರಿನ ಮೇಲೆ ಬಿಟ್ಟು, ಕಾರಿನ ನಂಬರು ಬರೆದು, ಗೋಡೆಯ ಮೊಳೆಗೆ ಸಿಕ್ಕಿಸಬೇಕು. ನಾಲ್ಕೈದು ಗಂಟೆಯಲ್ಲಿ ಎಣ್ಣೆ ಹರಡಿ ಉಂಗುರಗಳಾಗುತ್ತದೆ. ನಡುವೆ ಮಸಿ, ಅದರ ಸುತ್ತ ಕಂದು. ಪೆಟ್ರೋಲ್ ಬೆರೆತಿದ್ದರೆ ಎಲ್ಲಕ್ಕೂ ಹೊರಗೆ ಅಗಲವಾದ, ನೀರಲ್ಲಿ ನೆನೆದ ಹಾಗಿರುವ ತಿಳಿ ಅಂಚು ಬರುತ್ತದೆ. ಇದು ಮಾವನಿಗೆ ಕೆಲಸ ಕಲಿಸಿದವರ ಪದ್ಧತಿ. ಗೌರವಕ್ಕೆ ಅಂತ ಉಳಿಸಿಕೊಂಡಿದ್ದರು, ನೋಡುತ್ತಿರಲಿಲ್ಲ. ನಾನು ನೋಡುತ್ತಿದ್ದೆ.

ಆ ದಿನ ಬೆಳಿಗ್ಗೆ ಒಂಬತ್ತಕ್ಕೆ ಟೈಲರಮ್ಮ ಬಂದರು. ಕುತ್ತಿಗೆಗೆ ಅಳತೆಪಟ್ಟಿ ಹಾಗೇ ಇತ್ತು.

"ಮೇಸ್ತ್ರೀ, ನಾಳೆ ನಮ್ಮಕ್ಕನ ಮನೆಗೆ ಹೊರಟಿದ್ದೀನಿ. ನಾಲ್ಕು ಜನ, ಎಂಟು ಗಂಟೆ ದಾರಿ, ಅರ್ಧ ದಾರಿ ಬರೀ ಗುಡ್ಡ. ಬ್ರೇಕು ಗೀಕು ನೋಡಿಡಿ. ಎಣ್ಣೆ ಮಾತ್ರ ನೋಡೋದೇ ಬೇಡ. ನನ್ನ ಗಾಡಿ ಎಣ್ಣೆ ಕುಡಿಯೋದೇ ಇಲ್ಲ. ಹೋದ ತಿಂಗಳಿಗಿಂತ ಜಾಸ್ತೀನೇ ಆಗಿದೆ!"

"ಎಣ್ಣೆ ಹಡೆಯೋ ಗಾಡಿ ನಿಮ್ಮೊಬ್ಬರ ಹತ್ರಾನೇ ಇರೋದು," ಮಾವ ನಕ್ಕರು.

"ನಗಬೇಡಿ. ದುಬಾರಿ ಪೆಟ್ರೋಲ್ ಹಾಕ್ತೀನಿ ನಾನು. ತೊಂಬತ್ತೇಳು ನಂಬರಿಂದು. ಅಗ್ಗದ ನೂಲಲ್ಲಿ ಹೊಲಿದ್ರೆ ಹೊಲಿಗೆ ನಿಲ್ಲುತ್ತಾ?"

ಮಾವ ಕಡ್ಡಿ ಎಳೆದು, ಎಂದಿನಂತೆ ಕಣ್ಣು ಮುಚ್ಚಿ ಮೂಗಿನ ಹತ್ತಿರ ಹಿಡಿದರು. ಎರಡು ಮಾರು ದೂರದಲ್ಲಿದ್ದ ನನಗೇ ಪೆಟ್ರೋಲ್ ವಾಸನೆ ಬಡಿಯಿತು. ಕಡ್ಡಿಯ ಮೇಲಿನ ಗೀಟು ದಾಟಿ ಎಣ್ಣೆ ಒಂದು ಬೆರಳು ಏರಿತ್ತು. ಮೂವತ್ತು ವರ್ಷ ಕಣ್ಣು ಮುಚ್ಚಿ ಕಡ್ಡಿ ಹಿಡಿದವರಿಗೆ ಗೀಟು ನೋಡುವ ಅಭ್ಯಾಸವೇ ಇರಲಿಲ್ಲ.

"ಫಸ್ಟ್ ಕ್ಲಾಸ್," ಅಂದರು. "ಒಳ್ಳೆ ಪೆಟ್ರೋಲಿನ ಗುಣ. ಎಣ್ಣೆ ಬದಲಾಯಿಸೋದು ಬೇಡ."

ಟೈಲರಮ್ಮ ನಾಲ್ಕು ಗಂಟೆಗೆ ಬರುತ್ತೇನೆಂದು ಹೋದರು. ನಾನು ಬೊಟ್ಟು ಬಿಟ್ಟು ಕಾಗದ ಸಿಕ್ಕಿಸಿದೆ. ಆಮೇಲೆ ಪೆಟ್ರೋಲ್ ತುಂಬುವ ಮುಚ್ಚಳ ತೆರೆದೆ. ಒಳಗೆ ಚಿಕ್ಕ ಅಕ್ಷರದಲ್ಲಿ ಬರೆದಿತ್ತು: ತೊಂಬತ್ತೊಂದು ಸಾಕು.

ಆ ನಂಬರು ಹೇಳುವುದು ಇಷ್ಟೇ. ಎಂಜಿನ್ನಿನ ಒತ್ತಡಕ್ಕೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ತಾನಾಗಿ ಹತ್ತಿಕೊಳ್ಳದೆ ಎಷ್ಟು ತಡೆಯುತ್ತದೆ ಅಂತ. ಹೆಚ್ಚು ಒತ್ತುವ ಎಂಜಿನ್ನಿಗೆ ಕಡಿಮೆ ನಂಬರು ಹಾಕಿದರೆ ಅದು ಟಕಟಕ ಬಡಿಯುತ್ತದೆ, ಕಾಯುತ್ತದೆ, ಎಣ್ಣೆಗೂ ಒಳ್ಳೆಯದಲ್ಲ. ಆದರೆ ತೊಂಬತ್ತೊಂದು ಕೇಳುವ ಕಾರಿಗೆ ತೊಂಬತ್ತೇಳು ಹಾಕಿದರೆ ಎಣ್ಣೆಗೆ ಆಗುವ ಲಾಭ ಸೊನ್ನೆ. ಟೈಲರಮ್ಮನ ಮನೆಯಿಂದ ಅಂಗಡಿಗೆ ಐದು ನಿಮಿಷ. ಊಟಕ್ಕೆ ಒಮ್ಮೆ ಬಂದು ಹೋಗುತ್ತಾರೆ. ಎಂಜಿನ್ನು ಬಿಸಿಯಾಗುವ ಮೊದಲೇ ಆರಿಸುತ್ತಾರೆ. ಉರಿಯದೆ ಉಳಿದ ಪೆಟ್ರೋಲ್ ದಿನವೂ ಚೂರು ಚೂರು ಎಣ್ಣೆಗೆ ಇಳಿಯುತ್ತದೆ, ಆವಿಯಾಗಿ ಹೋಗುವಷ್ಟು ಶಾಖ ಸಿಗುವುದಿಲ್ಲ. ಏರಿದ್ದು ಎಣ್ಣೆಯಲ್ಲ.

ನೀರಾದ ಆ ಎಣ್ಣೆಯಲ್ಲಿ ನಾಲ್ಕು ಜನರನ್ನು ಹೊತ್ತು ಗುಡ್ಡ ಹತ್ತಿದರೆ ಎಂಜಿನ್ನಿನ ಬೇರಿಂಗು ಸವೆಯುತ್ತದೆ, ಎಂಜಿನ್ನೇ ಹಿಡಿದುಕೊಂಡು ನಡುದಾರಿಯಲ್ಲಿ ನಿಂತರೂ ನಿಂತೀತು. ನಾನು ಬಾಯಿ ಬಿಟ್ಟರೆ ಮಾವನ ಮೂಗು ಇವತ್ತೇ ಬೀದಿಗೆ ಬರುತ್ತದೆ. ಊಟದ ಹೊತ್ತಲ್ಲಿ ಮಾವನೊಬ್ಬರೇ ಸಿಕ್ಕಾಗ ಎರಡು ಸಲ "ಮಾವ" ಅಂದೆ. ಎರಡು ಸಲವೂ "ಏನೇ?" ಅಂದರು. "ಉಪ್ಪು ಬೇಕಾ?" ಅಂತ ಮಾತು ತಿರುಗಿಸಿದೆ.

ಮೂರೂವರೆಗೆ ಕಾಗದದ ಮೇಲೆ ತಿಳಿ ಅಂಚು ಎರಡು ಬೆರಳಗಲ ಹರಡಿತ್ತು.

ಟೈಲರಮ್ಮ ಹೇಳಿದ ಹೊತ್ತಿಗೆ ಸರಿಯಾಗಿ ಬಂದು ಬೀಗದಕೈಗೆ ಕೈ ಚಾಚಿದರು. ಮಾವ ಕೊಡುವುದರಲ್ಲಿದ್ದರು. ನಾನು ಮೊಳೆಯಿಂದ ಕಾಗದ ಕಿತ್ತುಕೊಂಡು ಅವರಿಬ್ಬರ ನಡುವೆ ನಿಂತೆ. ಬಾಯಿಗೆ ಬಂದದ್ದು ಸುಳ್ಳು.

"ಮಾವ, ಇದು ಒಣಗಿದ ಮೇಲೆ ತೋರಿಸು ಅಂದಿದ್ರಲ್ಲ."

ತಿಳಿ ಅಂಚಿಗೆ ಬೊಟ್ಟು ಮಾಡಿದೆ. ಮಾವ ನೋಡಿದರು. ನನ್ನ ಬೆರಳು ನೋಡಿದರು. ಆಮೇಲೆ ಗೋಡೆಯ ಕಡೆ, ಕಪಾಟಿನ ಮೇಲೆ ಮಡಚಿಟ್ಟಿದ್ದ ಬಿಳಿ ಬಟ್ಟೆಗಳ ಕಡೆ ನೋಡಿದರು.

"ಎಣ್ಣೆ ಬದಲಾಯಿಸಬೇಕು," ಅಂದರು. "ಪೆಟ್ರೋಲ್ ಇಳಿದಿದೆ."

"ಅದ್ಯಾಕೆ? ಬೆಳಿಗ್ಗೆ ಮೂಗು ಒಂದು ಹೇಳ್ತು, ಸಾಯಂಕಾಲ ಕಾಗದ ಇನ್ನೊಂದು ಹೇಳುತ್ತಾ?" ಟೈಲರಮ್ಮ ಬಾನೆಟ್ಟು ತಟ್ಟಿದರು. "ಇನ್ನೊಂದ್ಸಲ ಮೂಸಿ. ನನ್ನೆದುರಿಗೇ."

ಮಾವ ಕಡ್ಡಿ ಎಳೆದರು. ಮೂಗಿನ ತನಕ ತಂದರು. ಈ ಸಲ ಕಣ್ಣು ಮುಚ್ಚಲಿಲ್ಲ. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, ಕಡ್ಡಿಯನ್ನು ನನ್ನ ಕಡೆ ಚಾಚಿದರು.

"ನೀನು ನೋಡು. ನನಗೆ ವಾಸನೆ ಬರಲ್ಲ. ಚಳಿಗಾಲದಿಂದ ಬರ್ತಿಲ್ಲ."

ನಾನು ಮೂಸುವ ಅಗತ್ಯವಿರಲಿಲ್ಲ, ಆದರೂ ಮೂಸಿದೆ. "ಪೆಟ್ರೋಲ್," ಅಂದೆ. ದನಿ ನಾನಂದುಕೊಂಡಿದ್ದಕ್ಕಿಂತ ಜೋರಾಗಿ ಬಂತು.

ಟೈಲರಮ್ಮ ಕಡ್ಡಿ ಕಸಿದು ತಾವೂ ಮೂಸಿ ಮುಖ ಕಿವುಚಿದರು. "ಅಯ್ಯೋ, ಹೌದಲ್ಲ! ದುಬಾರಿದು ಹಾಕಿದ್ದೆನಲ್ಲ ನಾನು?"

"ಗೋಣಿಚೀಲ ರೇಷ್ಮೆ ನೂಲಲ್ಲಿ ಹೊಲಿದ್ರೆ ಗೋಣಿಯೇನೂ ಗಟ್ಟಿಯಾಗಲ್ಲ," ಅಂದೆ. ತೊಂಬತ್ತೊಂದು ಅಂತ ಬರೆದಿದ್ದ ಮುಚ್ಚಳ ತೋರಿಸಿದೆ. ವಾರಕ್ಕೊಮ್ಮೆಯಾದರೂ ದೂರ ಓಡಿಸಬೇಕು, ಊಟಕ್ಕೆ ನಡೆದುಕೊಂಡು ಹೋಗಬಹುದು ಅಂತಲೂ ಹೇಳಿದೆ.

"ನನ್ನ ಗಾಡಿಯನ್ನ ಗೋಣಿಚೀಲ ಅಂತಾಳಲ್ಲ! ಇವಳಿಗೆ ಬಾಯಿ ಇದೆ ಅಂತಲೇ ಗೊತ್ತಿರಲಿಲ್ಲ, ಮೇಸ್ತ್ರಿ."

"ನನಗೂ," ಅಂದರು ಮಾವ.

ಕಾರಿನ ಕೆಳಗೆ ತಟ್ಟೆ ಇಟ್ಟು ತಿರುಪು ಬಿಚ್ಚಿದೆವು. ಎಣ್ಣೆ ಜೇನಿನ ಹಾಗೆ ಇಳಿಯಬೇಕಿತ್ತು, ಚಹಾ ಸುರಿದ ಹಾಗೆ ಸುರಿಯಿತು. ಟೈಲರಮ್ಮ ಬಗ್ಗಿ ನೋಡಿದರು. ಹೊಸ ಎಣ್ಣೆ ತುಂಬಿ, ಗೀಟು ನೋಡಿ, ಬೀಗದಕೈ ಕೊಟ್ಟೆ. ಅವರು ಹೋದ ಮೇಲೆ ಮಾವ ಕೈ ತೊಳೆಯುತ್ತ ಕೇಳಿದರು.

"ಯಾವಾಗಿಂದ ಗೊತ್ತು?"

"ಹಾಲು ಹೊತ್ತಿದ ದಿನದಿಂದ."

ಅವರು ಸೋಪು ಕೆಳಗಿಟ್ಟು, ಮತ್ತೆ ತೆಗೆದುಕೊಂಡು, ಇನ್ನೊಮ್ಮೆ ಕೈ ತೊಳೆದರು.

ಟೈಲರಮ್ಮನ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಅವರು ಅಕ್ಕನ ಮನೆ ಮುಟ್ಟಿ ವಾಪಸು ಬಂದ ಮೂರನೇ ದಿನಕ್ಕೆ ಅತ್ತೆಗೂ ಗೊತ್ತಾಗಿತ್ತು, ಬೀದಿಗೂ ಗೊತ್ತಾಗಿತ್ತು. ಇಬ್ಬರು ಹಳೆ ಗಿರಾಕಿಗಳು ಆ ವಾರ ಬರಲೇ ಇಲ್ಲ. ಶನಿವಾರ ಮಧ್ಯಾಹ್ನ ಬೇಕರಿಯವನು ತನ್ನ ವ್ಯಾನು ತಂದು ನಿಲ್ಲಿಸಿ, "ಮೂಗು ಎಲ್ಲಿ?" ಅಂತ ಕೂಗಿದ. ನಗುವುದಕ್ಕೇ ಕೇಳಿದನೋ, ಅಭ್ಯಾಸಬಲವೋ ಗೊತ್ತಾಗಲಿಲ್ಲ.

ಮಾವ ಇನ್ನೊಂದು ಕಾರಿನ ಬಾನೆಟ್ಟಿನೊಳಗೆ ಬಗ್ಗಿದ್ದರು. ತಲೆ ಎತ್ತದೆ, ಮಸಿ ಹತ್ತಿದ ಕೈಯನ್ನು ಹೊರಗೆ ಚಾಚಿ, ನನ್ನ ಕಡೆ ಬೊಟ್ಟು ಮಾಡಿದರು.