ನೂರಿಪ್ಪತ್ತರಲ್ಲಿ ಒಂದು

ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹತ್ತಿರ ಕಾಫಿಪುಡಿ ಅಂಗಡಿ ಇಟ್ಟಿದ್ದ ಓಂಕಾರಮೂರ್ತಿಯವರಿಗೆ ತೊಂಬತ್ತೇಳನೇ ಇಸವಿಯಲ್ಲಿ ಒಂದು ಕೆಟ್ಟ ಜ್ವರ ಬಂದು ಹೋಯಿತು. ಹೋಗುವಾಗ ಅವರ ಮೂಗನ್ನೂ ಕೊಂಡೊಯ್ದಿತು. ಹುರಿದ ಬೀಜ ಹದಕ್ಕೆ ಬಂತೋ ಸೀಯಿತೋ, ಪುಡಿಗೆ ಚಿಕೋರಿ ಹೆಚ್ಚಾಯಿತೋ ಕಡಿಮೆಯಾಯಿತೋ, ಒಂದೂ ತಿಳಿಯದಂತಾಯಿತು. ಅವತ್ತಿನಿಂದ ಅವರ ಹೆಂಡತಿ ಗಿರಿಜಾಂಬಾ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಮೂಸಿ, ರುಚಿ ನೋಡಿ, ಹದ ಹೇಳತೊಡಗಿದರು. ಗಿರಾಕಿಗಳಿಗೆ ಒಂದಿಷ್ಟೂ ವ್ಯತ್ಯಾಸ ಗೊತ್ತಾಗಲಿಲ್ಲ. ಅಮ್ಮನ ಹೆಚ್ಚುಗಾರಿಕೆಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ ಎಂದು ಮಗಳು ಗಗನಾ ತಿಳಿದಿದ್ದಳು. ಅವಳು ಮೊದಲ ಪಿಯುಸಿಯಲ್ಲಿದ್ದಳು. ಲೆಕ್ಕದಲ್ಲಿ ತರಗತಿಗೇ ಮೊದಲು. ಹಾಗೆಂದು ಹೇಳಿಕೊಳ್ಳುವುದಕ್ಕೆ ಅವಳಿಗೆ ಸಂಕೋಚವೂ ಇರಲಿಲ್ಲ.

ಅಂಗಡಿಯಲ್ಲಿ ಅರ್ಧ ಪಾಲು ಚಿಕ್ಕಮಗಳೂರಿನಲ್ಲಿದ್ದ ಚಿಕ್ಕಪ್ಪ ಬಸವಪ್ರಸಾದರದು. ಮರುವರ್ಷ ಜನವರಿಯ ಒಂದು ಭಾನುವಾರ ಬಂದವರಿಗೆ ವಿಷಯ ತಿಳಿಯಿತು. ಅವರು ಸಿಟ್ಟಾಗಲಿಲ್ಲ. ಅತ್ತಿಗೆಯ ಕೈರುಚಿಯ ಬಗ್ಗೆ ತನಗೆ ಎರಡು ಮಾತಿಲ್ಲ, ಆದರೆ ಅಡುಗೆಮನೆಯ ನಾಲಿಗೆ ಬೇರೆ, ವ್ಯಾಪಾರದ ನಾಲಿಗೆ ಬೇರೆ, ಕಾಫಿ ಪರೀಕ್ಷೆ ಕಲಿತ ಒಬ್ಬರನ್ನು ಚಿಕ್ಕಮಗಳೂರಿನಿಂದ ಕಳಿಸುತ್ತೇನೆ ಎಂದರು. ಓಂಕಾರಮೂರ್ತಿ ತಲೆ ತಗ್ಗಿಸಿ ಕೂತರು. ಗಿರಿಜಾಂಬಾ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದರು.

ಗಗನಾ ಮಾತ್ರ ಬಿಡಲಿಲ್ಲ. ಆರು ಲೋಟ ಡಿಕಾಕ್ಷನ್ ಇಡೋಣ, ಮೂರರಲ್ಲಿ ಮಾತ್ರ ಚಿಕೋರಿ ಇರಲಿ, ಅಮ್ಮ ಕಣ್ಣು ಕಟ್ಟಿಕೊಂಡು ಆ ಮೂರನ್ನು ಆರಿಸಿಕೊಡಲಿ ಎಂದಳು.

ಅದೃಷ್ಟದಿಂದ ಸಿಕ್ಕಿಬಿಟ್ಟರೆ ಏನು ಮಾಡುವುದು ಎಂದು ಚಿಕ್ಕಪ್ಪ ಕೇಳಿದರು.

ಅವಳ ಕಾಲೇಜಿನಲ್ಲಿ ಮಲ್ಲಿಕಾರ್ಜುನ ಮೇಷ್ಟ್ರು ಆ ತಿಂಗಳಷ್ಟೇ ಅಂಥ ಲೆಕ್ಕಗಳನ್ನು ಶುರುಮಾಡಿದ್ದರು. ಮೊದಲನೇ ಲೋಟಕ್ಕೆ ಆರು ದಾರಿ, ಎರಡನೆಯದಕ್ಕೆ ಐದು, ಮೂರನೆಯದಕ್ಕೆ ನಾಲ್ಕು. ಗಗನಾ ಬೆರಳನ್ನೂ ಮಡಿಸದೆ ಉತ್ತರ ಕೊಟ್ಟಳು: "ನೂರಿಪ್ಪತ್ತು ದಾರಿ ಇದೆ ಚಿಕ್ಕಪ್ಪ. ಅಂದಾಜಿನ ಮೇಲೆ ಹೇಳಿ ಗೆಲ್ಲೋದು ನೂರಿಪ್ಪತ್ತರಲ್ಲಿ ಒಂದ್ಸಲ ಅಷ್ಟೇ."

ಬಿಕಾಂ ಓದಿದ್ದ ಬಸವಪ್ರಸಾದರಿಗೆ ಆ ಅಂಕಿ ಹಿಡಿಸಿತು. ಹಾಗಿದ್ದರೆ ಅತ್ತಿಗೆ ಗೆದ್ದರೆ ತನ್ನ ತಕರಾರಿಲ್ಲ ಎಂದು ಒಪ್ಪಿದರು. ತಾವೇ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಡಿಕಾಕ್ಷನ್ ಇಳಿಸಿದರು, ಲೋಟಗಳ ತಳಕ್ಕೆ ಸೀಮೆಸುಣ್ಣದಲ್ಲಿ ನಂಬರು ಬರೆದರು, ಚಿಕೋರಿ ಇದ್ದ ನಂಬರುಗಳನ್ನು ಚೀಟಿಯಲ್ಲಿ ಗೀಚಿ ಜೇಬಿಗೆ ಹಾಕಿಕೊಂಡರು. ಯಾವುದರಲ್ಲಿ ಏನಿದೆ ಎಂಬುದು ಗಗನಾಳಿಗೂ ಗೊತ್ತಿರಲಿಲ್ಲ.

ಗಿರಿಜಾಂಬಾ ಕಣ್ಣಿಗೆ ಟವೆಲ್ ಕಟ್ಟಿಸಿಕೊಂಡು ಕೂತರು. ಒಂದೊಂದು ಲೋಟವನ್ನೂ ಮೂಸಿದರು, ಒಂದೊಂದು ಗುಟುಕು ಬಾಯಿಗಿಟ್ಟು ಉಗುಳಿದರು. ಎಲ್ಲ ಮುಗಿದ ಮೇಲೆ ತಡವರಿಸದೆ ಮೂರು ಲೋಟ ಒಂದೊಂದಾಗಿ ಎತ್ತಿ ಬಲಕ್ಕಿಟ್ಟರು. ಗಗನಾ ತಳ ನೋಡಿ ಓದಿದಳು: ಐದು, ಎರಡು, ಆರು. ಚಿಕ್ಕಪ್ಪ ಚೀಟಿ ಬಿಡಿಸಿದರು: ಎರಡು, ಐದು, ಆರು.

ಅವರು ಚೀಟಿಯನ್ನು ಮೇಜಿನ ಮೇಲಿಟ್ಟು, ಸೋತೆ ಎಂದು ಮನಸಾರೆ ಒಪ್ಪಿಕೊಂಡರು. ಓಂಕಾರಮೂರ್ತಿ ಎಷ್ಟೋ ತಿಂಗಳ ಮೇಲೆ ನಕ್ಕರು.

ಗಗನಾಳ ನಗು ಮಾತ್ರ ಅರ್ಧಕ್ಕೇ ನಿಂತಿತು. ಚೀಟಿಯಲ್ಲಿ ಎರಡು ಮೊದಲು ಇದೆ, ಅಮ್ಮ ಐದನ್ನು ಮೊದಲು ಎತ್ತಿದ್ದರು. ಅದನ್ನು ಯಾರೂ ತಪ್ಪು ಎನ್ನಲಿಲ್ಲ. ಎನ್ನುವುದಾದರೂ ಹೇಗೆ? ಯಾವುದನ್ನು ಮುಂಚೆ ಎತ್ತಿದರೂ ಅದೇ ಮೂರು ಲೋಟ. ಆದರೆ ತಾನು ಎಣಿಸುವಾಗ ಎರಡು-ಐದು-ಆರು ಒಂದು ದಾರಿ, ಐದು-ಎರಡು-ಆರು ಇನ್ನೊಂದು ದಾರಿ ಎಂದು ಲೆಕ್ಕ ಹಿಡಿದಿದ್ದಳು. ಮೂರು ಲೋಟವನ್ನು ಹಿಂದುಮುಂದು ಮಾಡಿದರೆ ಆರು ಬಗೆ. ಅಂದರೆ ಒಂದೇ ಉತ್ತರವನ್ನು ಆರಾರು ಸಲ ಎಣಿಸಿದ್ದಾಳೆ. ನೂರಿಪ್ಪತ್ತಲ್ಲ, ಬರೀ ಇಪ್ಪತ್ತು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಚಿಕ್ಕಪ್ಪ ಆಗಲೇ ಎದ್ದು ಚಪ್ಪಲಿ ಹುಡುಕುತ್ತಿದ್ದರು. ಆದರೆ ಅವರು ಒಪ್ಪಿದ್ದು ಅವಳ ಅಂಕಿಯನ್ನು ನಂಬಿ. ಆ ಅಂಕಿಯೇ ತಪ್ಪಾದರೆ ಅಮ್ಮನಿಗೆ ಸಿಕ್ಕ ಗೆಲುವಿನಲ್ಲೂ ತನ್ನ ತಪ್ಪು ಬೆರೆತಂತೆ ಎನ್ನಿಸಿ ಗಗನಾಳಿಗೆ ತಡೆಯಲಾಗಲಿಲ್ಲ.

"ಚಿಕ್ಕಪ್ಪ, ನಿಲ್ಲಿ. ನಾನು ಲೆಕ್ಕ ತಪ್ಪು ಹೇಳ್ದೆ," ಎಂದಳು.

ಮೇಜಿನ ಮೇಲೆ ಲೋಟಗಳನ್ನೇ ಅದಲುಬದಲು ಮಾಡಿ ತೋರಿಸಿದಳು. ಅದಲುಬದಲು ಮಾಡಿದಾಗ ಹೊಸದೇನಾದರೂ ಆಯಿತೇ ಎಂದು ಮೊದಲು ಕೇಳಿಕೊಳ್ಳಬೇಕಿತ್ತು. ಹೊಸದಾದರೆ ಮಾತ್ರ ಅದು ಪರ್ಮ್ಯುಟೇಶನ್, ಕ್ರಮವೂ ಲೆಕ್ಕಕ್ಕೆ ಬರುತ್ತದೆ. ಇಲ್ಲಿ ಹೊಸದೇನೂ ಆಗುವುದಿಲ್ಲ, ಇದು ಬರೀ ಆರಿಸುವುದು, ಕಾಂಬಿನೇಶನ್. ಮೇಷ್ಟ್ರ ಸಮಸ್ಯೆಗಳಲ್ಲಿ 'ಆರಿಸಿ' ಅಂತಲೋ 'ಜೋಡಿಸಿ' ಅಂತಲೋ ಒಂದು ಪದ ಇದ್ದೇ ಇರುತ್ತದೆ, ಅದನ್ನು ನೋಡಿ ಸೂತ್ರ ಹಾಕುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು.

ಬಸವಪ್ರಸಾದರು ತಿರುಗಿ ಬಂದು ಕೂತರು. ಇಪ್ಪತ್ತರಲ್ಲಿ ಒಂದು ಎಂದರೆ ಯಾರಿಗಾದರೂ ಕುದುರಬಹುದು, ಅಷ್ಟರ ಮೇಲೆ ಅಂಗಡಿಯ ಹೆಸರನ್ನು ಹೇಗೆ ಬಿಡಲಿ ಎಂದರು. ಓಂಕಾರಮೂರ್ತಿ ಮಗಳ ಕಡೆ ನೋಡಿದ ನೋಟದಲ್ಲಿ ಬೇಸರವಿತ್ತು.

ಗಿರಿಜಾಂಬಾ ಟವೆಲ್ ಮಡಿಸುತ್ತ ಕೇಳಿದರು: "ನೂರಿಪ್ಪತ್ತು ಆಗ್ಬೇಕಾದ್ರೆ ಏನು ಮಾಡ್ಬೇಕು ಮಗಾ?"

ಗಗನಾ ಒಂದು ನಿಮಿಷ ಯೋಚಿಸಿದಳು. ಲೋಟಗಳನ್ನು ಅದಲುಬದಲು ಮಾಡಿದರೆ ಉತ್ತರವೂ ಬದಲಾಗಬೇಕು, ಅಷ್ಟೇ ತಾನೇ? "ಮೂರು ಲೋಟದಲ್ಲೂ ಚಿಕೋರಿ ಬೇರೆಬೇರೆ ಇರ್ಬೇಕಮ್ಮ. ನೂರಕ್ಕೆ ಹತ್ತು, ಇಪ್ಪತ್ತು, ಮೂವತ್ತು. ಯಾವುದು ಎಷ್ಟು ಅಂತ ನೀನು ಹೇಳ್ಬೇಕು. ಆಗ ಎರಡನ್ನ ಹಿಂದೆಮುಂದೆ ಹೇಳಿದ್ರೂ ಸೋತ ಹಾಗೆ."

"ಸರಿ, ಹಾಗೇ ಇಡಿ. ಇವತ್ತು ಬೇಡ, ನಾಲಿಗೆ ದಣಿದಿದೆ. ನಾಳೆ ಬೆಳಿಗ್ಗೆ," ಎಂದರು ಗಿರಿಜಾಂಬಾ, ನಾಳೆಗೆ ಅಕ್ಕಿ ನೆನೆಹಾಕುವ ಮಾತಾಡಿದಷ್ಟು ಸಲೀಸಾಗಿ.

ಚಿಕ್ಕಪ್ಪ ರಾತ್ರಿ ಉಳಿದುಕೊಂಡರು. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆಯೇ ಅವರೇ ಡಿಕಾಕ್ಷನ್ ಇಳಿಸಿ ನಂಬರು ಬರೆದ ಆರು ಲೋಟ ಮತ್ತೆ ಮೇಜಿಗೆ ಬಂದವು. ಗಿರಿಜಾಂಬಾ ಮತ್ತೆ ಕಣ್ಣು ಕಟ್ಟಿಸಿಕೊಂಡು, ಚಿಕೋರಿ ಇಲ್ಲದ ಮೂರನ್ನು ಮೂಸಿಯೇ ಪಕ್ಕಕ್ಕೆ ತಳ್ಳಿದರು. ಉಳಿದವುಗಳಲ್ಲಿ ಒಂದನ್ನು ನಾಲಿಗೆಗೆ ತಾಗಿಸಿ ಹತ್ತು ಎಂದರು. ಕೊನೆಯ ಎರಡರಲ್ಲಿ ತಡೆದರು. ನೀರು ಕೇಳಿ ಬಾಯಿ ಮುಕ್ಕಳಿಸಿದರು, ಮತ್ತೆ ಕುಡಿದರು, ಡಿಕಾಕ್ಷನ್ನನ್ನು ನಾಲಿಗೆಯ ಮೇಲೆ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡರು.

"ಇದು ಮಂದ ಇದೆ, ಕೊನೇಲಿ ಸಿಹಿ ಹತ್ತುತ್ತೆ. ಇದು ಮೂವತ್ತು. ಅದು ಇಪ್ಪತ್ತು."

ಬಸವಪ್ರಸಾದರು ಲೋಟಗಳನ್ನು ತಾವೇ ಎತ್ತಿ ತಳ ನೋಡಿದರು, ಚೀಟಿ ನೋಡಿದರು, ಇನ್ನೊಮ್ಮೆ ಲೋಟ ನೋಡಿದರು. ಮೂರೂ ಸರಿಯಾಗಿದ್ದವು. ಅವರು ಅಣ್ಣನಿಗೆ ಏನೂ ಹೇಳದೆ ನೇರ ಅತ್ತಿಗೆಯ ಕಡೆ ತಿರುಗಿ, "ಇನ್ನು ಮೇಲೆ ಪುಡಿ ವಿಷಯದಲ್ಲಿ ನಿಮ್ಮದೇ ಕೊನೆ ಮಾತು ಅತ್ತಿಗೆ," ಎಂದರು. ಗಗನಾಳಿಗೆ, ನಿನ್ನೆ ನೀನು ಬಾಯಿ ಮುಚ್ಚಿಕೊಂಡಿದ್ದರೆ ಇವತ್ತು ನನಗೆ ಇಷ್ಟು ನಂಬಿಕೆ ಬರುತ್ತಿರಲಿಲ್ಲ ಎಂದು ಹೇಳಿ ಹೊರಟರು.

ಆ ವಾರವೇ ಗಿರಿಜಾಂಬಾರ ಕುರ್ಚಿ ಹಿಂದಿನ ಕೋಣೆಯಿಂದ ಗಲ್ಲಾದ ಪಕ್ಕಕ್ಕೆ ಬಂತು. ಕಳಸದ ಕಡೆಯಿಂದ ಬೀಜದ ಸ್ಯಾಂಪಲ್ ತಂದವರು ಅಭ್ಯಾಸಬಲದಿಂದ ಓಂಕಾರಮೂರ್ತಿಯವರ ಮುಂದೆ ಪೊಟ್ಟಣ ಚಾಚಿದರೆ, ಅವರು ಹೆಂಡತಿಯ ಕಡೆ ಕೈ ತೋರಿಸುತ್ತಿದ್ದರು. ಮೊದಲ ದಿನವೇ ಗಿರಿಜಾಂಬಾ ಮೂರು ಪೊಟ್ಟಣಗಳಲ್ಲಿ ಒಂದನ್ನು, ಹೋದ ವರ್ಷದ ಬೀಜ ಎಂದು ವಾಪಸು ಕಳಿಸಿದರು.